ತೆಮಿಮಾ ಎತ್ತಿದ ಚೀಟಿ

ಕಾಡು ಮುಚ್ಚಿದರೆ ಮೊದಲು ಆರುವುದು ಬಡವರ ಮನೆಯ ಒಲೆ. ಇದನ್ನು ನಿಮಗೆ ಹೊಸದಾಗಿ ಹೇಳಬೇಕಾಗಿ ಬಂದಿರುವುದೇ ನಾಚಿಕೆಗೇಡು. ಆದರೂ ಹೇಳುತ್ತೇನೆ. ಯಾಕೆಂದರೆ ಜಿಮ್ಮಾ ಪಟ್ಟಣದ ಕಚೇರಿಗಳಲ್ಲಿ ಈಗ ಒಂದು ವರದಿ ಮೇಜಿಂದ ಮೇಜಿಗೆ ಓಡಾಡುತ್ತಿದೆ. ಬಣ್ಣದ ಹೊದಿಕೆ, ನಯವಾದ ಕಾಗದ. ನಮ್ಮ ಗುರೆ ಕಾಡಿನ ನಡುಭಾಗವನ್ನು ಮುಚ್ಚಿಸಿದವರು ನಾವೇ ಎಂದು ಅದು ಹೇಳುತ್ತದೆ. ರೈತರಿಗೆ ಒಪ್ಪಂದ ಬೇಕಂತೆ, ಹಳೆಯ ಕ್ರಮ ಇರಲಿ ಎಂದು ಒಂದೇ ಒಂದು ಮನೆಯೂ ಹೇಳಲಿಲ್ಲವಂತೆ.

ಆ ರೈತರಲ್ಲಿ ಒಬ್ಬಳು ತೆಮಿಮಾ.

ತೆಮಿಮಾಗೆ ಹೊಲವಿಲ್ಲ. ಗಂಡ ಫೊಗಿ, ಜ್ವರ ಬಂದು ತೀರಿಹೋದಾಗ ಅವಳ ಪಾಲಿಗೆ ಉಳಿದದ್ದು ಒಂದು ಗುಡಿಸಲು, ಹಿತ್ತಲಲ್ಲಿ ದಿಂಡು ಕಡಿದು ತಿನ್ನುವ ಎಂಟು ಎನ್ಸೆಟ್ ಬಾಳೆ, ಮತ್ತು ಕಾಡಿನೊಳಗೆ ಒಂದೂವರೆ ತಾಸು ನಡೆದರೆ ಸಿಗುವ ಒಂದು ಕೆರೆರೊ ಮರ. ನಮ್ಮಲ್ಲಿ ಜೇನು ಬಂದು ಕೂರಲೆಂದು ಹೆಣೆದ ಗೂಡನ್ನು ಮರಕ್ಕೆ ಕಟ್ಟಿದವನೇ ಮರದ ಒಡೆಯ. ಆ ಮರದ ನೆರಳು ಎಲ್ಲಿಯವರೆಗೆ ಬೀಳುತ್ತದೋ ಅಲ್ಲಿಯವರೆಗಿನ ನೆಲವೂ ಅವನದೇ. ಫೊಗಿಯ ಮರದ ನೆರಳು ದೊಡ್ಡದು. ಅದರ ಕೆಳಗೆ ಕಾಡು ಏಲಕ್ಕಿ ಮೊಣಕಾಲುದ್ದ ಬೆಳೆಯುತ್ತಿತ್ತು. ಬಲಿತ ಕಾಯಿ ಬಿಡಿಸಿ, ದಾರಕ್ಕೆ ಪೋಣಿಸಿ, ಒಲೆಯ ಮೇಲೆ ಒಣಗಿಸಿ ಗುರುವಾರದ ಸಂತೆಗೆ ಒಯ್ದರೆ ಉಪ್ಪು, ಸಾಬೂನು, ಜೋಳ ಬರುತ್ತಿತ್ತು. ಬರುವಾಗ ದಾರಿಯಲ್ಲಿ ಒಣಸೌದೆ. ಅವಳ ಬದುಕು ಅಷ್ಟೇ. ಆ ಮರ ಹೋದರೆ ಅದೂ ಇಲ್ಲ.

ಈ ಹಕ್ಕಿಗೆ ಒಂದು ಷರತ್ತುಂಟು. ಪ್ರತಿ ಹೂಗಾಲಕ್ಕೂ ಹೊಸ ಗೂಡು ಮರ ಏರಬೇಕು. ಹಳೆಯದು ಕೊಳೆತು ನೇತಾಡುತ್ತಿದ್ದರೆ ಅದು ಲೆಕ್ಕಕ್ಕಿಲ್ಲ. ಸತತ ಎರಡು ಹೂಗಾಲ ಗೂಡು ಏರದಿದ್ದರೆ ಮರ ಯಾರದೂ ಅಲ್ಲ, ಮುಂದೆ ಮೊದಲು ಹಗ್ಗ ಎಸೆದವನದು. ಹೆಂಗಸರು ಮರ ಹತ್ತುವಂತಿಲ್ಲ. ಹಾಗಾಗಿ ವಿಧವೆಯ ಮರವನ್ನು ಮೈದುನ ಹತ್ತುತ್ತಾನೆ. ಜೇನಿನಲ್ಲಿ ಅವನಿಗೆ ಅರ್ಧ, ಏಲಕ್ಕಿ ಪೂರ್ತಿ ಅವಳಿಗೆ.

ತೆಮಿಮಾಳ ಮೈದುನ ತಾಜು. ಐವತ್ತರ ಹತ್ತಿರದವನು, ಸಣಕಲ. ಬಾಯಿ ಮಾತ್ರ ಯಾವತ್ತೂ ಸುಮ್ಮನಿರದು.

"ನಮ್ಮಣ್ಣ ಬದುಕಿದ್ದಾಗ ಒಂದಿನಾನೂ ನಂಗೆ ಒಂದು ತೊಟ್ಟು ಜೇನು ಕೊಡ್ಲಿಲ್ಲ ಅತ್ತಿಗೆ. ಈಗ ಅರ್ಧ ಕೊಡ್ತಾನೆ. ಸತ್ತ್ ಮೇಲೆ ಬುದ್ಧಿ ಬಂತು ನೋಡು."

"ಬಾಯಿ ಮುಚ್ಕೊಂಡು ಹತ್ತು. ಮೇಲೆ ಹೋಗಿ ಮಾತಾಡಿದ್ರೆ ಹುಳ ಬಾಯೊಳಗೆ ಹೋಗ್ತವೆ."

"ಹೋಗ್ಲಿ ಬಿಡು. ನಿನ್ ಮಾತಿಗಿಂತ ಅವು ಸಿಹಿ."

ಹೀಗೆ ಬೈದಾಡಿಕೊಂಡೇ ಏಳು ವರ್ಷ ಆ ಮರವನ್ನು ಉಳಿಸಿಕೊಂಡಿದ್ದರು ಇಬ್ಬರೂ.

ಜೀಪು ಬರುತ್ತದೆ ಎಂಬ ಸುದ್ದಿ ಊರಿಗೆ ನಾಲ್ಕು ದಿನ ಮೊದಲೇ ಬಂದಿತ್ತು. ಕಾಡಿನ ಬಗ್ಗೆ ಏನೋ ಯೋಜನೆ, ಮನೆಮನೆಗೆ ಬಂದು ಕೇಳುತ್ತಾರಂತೆ. ಊರಿನ ಹಿರಿಯ ಅಬ್ಬಾ ಮೆಚಾ ಮಸೀದಿಯ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ: "ಬಂದೋರ ಮುಖ ಮುರೀಬೇಡಿ. ಏನು ಚಾಚಿದ್ರೂ ತಗೊಳ್ಳಿ. ನಮಗೇನು ಬೇಕು ಅನ್ನೋದನ್ನ ಮೂರನೇ ಬಟ್ಟಲಿಗೆ ಹೇಳೋಣ."

"ಅವರು ಮೂರನೇ ಬಟ್ಟಲಿಗೆ ಕೂರದಿದ್ರೆ?" ಎಂದ ತಾಜು.

"ಕಾಫಿ ಬಿಟ್ಟು ಎದ್ದು ಹೋಗೋ ಮನುಷ್ಯನ್ನ ನೀನು ಎಲ್ಲಾದ್ರೂ ಕಂಡಿದ್ದೀಯೇನೋ?"

ಎಲ್ಲರೂ ನಕ್ಕರು. ಈ ನಗು ನಮಗೆ ತುಂಬಾ ದುಬಾರಿಯಾಯಿತು.

ನಮ್ಮಲ್ಲಿ ಒಂದೇ ಪುಡಿಗೆ ಮೂರು ಸಲ ನೀರು ಹೊಯ್ದು ಕಾಫಿ ಕುದಿಸುತ್ತಾರೆ. ಮೊದಲ ಬಟ್ಟಲು ಅತಿಥಿಯದು, ಆಗ ಅವನು ಹೇಳಿದ್ದಕ್ಕೆಲ್ಲ ಹೂಂ. ಎರಡನೆಯದರಲ್ಲಿ ಮಳೆ, ದನ, ಮದುವೆ. ಮೂರನೆಯದರಲ್ಲಿ ಮಾತು. ಜಗಳವಿದ್ದರೆ ಜಗಳ, ಹೆಣ್ಣು ಕೇಳುವುದಿದ್ದರೆ ಅದು, ಒಲ್ಲೆ ಅನ್ನುವುದಿದ್ದರೆ ಒಲ್ಲೆ. ಮೊದಲ ಬಟ್ಟಲಿಗೇ ಒಲ್ಲೆ ಅಂದವನ ಮನೆಗೆ ಹೆಣ್ಣೂ ಬರುವುದಿಲ್ಲ, ಹೆಣಕ್ಕೆ ಹೆಗಲೂ ಬರುವುದಿಲ್ಲ.

ತೆಮಿಮಾಳ ಮನೆಗೆ ಬಂದವಳು ಹಿರುತ್ ಎಂಬ ಹುಡುಗಿ. ಕೆಟ್ಟವಳಲ್ಲ. ಕೆಸರಿನಲ್ಲಿ ನಡೆದು ಬೂಟು ಹಾಳಾಗಿತ್ತು, ಮುಖ ಬಾಡಿತ್ತು. ದಿನಕ್ಕೆ ಒಂಬತ್ತು ಮನೆ ಮುಗಿಸಬೇಕಿತ್ತು. ಚಾಪೆಯ ಮೇಲೆ ಕೂತು, ಹಣೆಯ ಬೆವರು ಒರೆಸಿಕೊಂಡು, ಎರಡು ಕೈಯಲ್ಲಿ ಎರಡು ಚಿತ್ರದ ಚೀಟಿ ಹಿಡಿದಳು. ಮೂರನೆಯದೊಂದನ್ನು ನೆಲದ ಮೇಲೆ ಇಟ್ಟಳು.

"ನೋಡಿ ಅಮ್ಮಾ. ಈ ಚೀಟೀಲಿ ಕಾಡಿನ ಅರ್ಧ ಭಾಗ ಮುಚ್ಚಿರ್ತದೆ, ಆದ್ರೆ ಊರವರದೇ ಒಂದು ಗುಂಪು ಮಾಡಿ, ಆ ಗುಂಪಿನ ಜೇನಿಗೆ ಒಳ್ಳೇ ಬೆಲೆ ಸಿಗ್ತದೆ. ಇನ್ನೊಂದ್ರಲ್ಲಿ ಕಾಲು ಭಾಗ ಮುಚ್ಚಿರ್ತದೆ, ಬೆಲೆ ಕಮ್ಮಿ. ಕೆಳಗಿರೋದು, ಏನೂ ಬೇಡ, ಈಗಿರೋ ಹಾಗೇ ಇರ್ಲಿ ಅಂತ. ನಿಮಗೆ ಯಾವುದು ಇಷ್ಟ?"

ಮುಚ್ಚುವ ಭಾಗಕ್ಕೆ ಕೆಂಪು ಬಳಿದಿತ್ತು. ತೆಮಿಮಾಗೆ ಅರ್ಥವಾಗಲಿಲ್ಲ ಎಂದುಕೊಳ್ಳಬೇಡಿ. ಅಕ್ಷರ ಬಾರದವರಿಗೆ ನಕ್ಷೆಯೂ ತಿಳಿಯದು ಎಂಬುದು ನಿಮ್ಮ ಕಲ್ಪನೆ. ಹೊಳೆಯ ತಿರುವು, ಬಂಡೆ, ಕಾಲುದಾರಿ ಎಲ್ಲವನ್ನೂ ಅವಳು ಬೆರಳಿನಿಂದ ಗುರುತಿಸಿದಳು. ಎರಡು ಚೀಟಿಯಲ್ಲೂ ಅವಳ ಮರ ಕೆಂಪಿನೊಳಗಿತ್ತು.

ಅವಳಿಗೆ ಬೇಕಾದದ್ದು ನೆಲದ ಮೇಲಿತ್ತು. ಆದರೆ ಮನೆಗೆ ಬಂದ ಹುಡುಗಿ ಎರಡೂ ಕೈ ಚಾಚಿ ಕೂತಿದ್ದಾಳೆ, ಒಲೆಯ ಮೇಲೆ ಮೊದಲ ಕಾಫಿ ಈಗಷ್ಟೇ ಉಕ್ಕಿದೆ. ಚಾಚಿದ ಕೈಯನ್ನು ಹಾಗೇ ಬಿಟ್ಟು ನೆಲದಿಂದ ಎತ್ತಿಕೊಳ್ಳುವುದು ಹೇಗೆ? ತೆಮಿಮಾ ಕೆಂಪು ಕಡಿಮೆಯಿದ್ದ ಚೀಟಿಯನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಹಿರುತ್ ಬರೆದುಕೊಂಡಳು. ಮುಚ್ಚುವ ಭಾಗ, ಬೆಲೆ ಬೇರೆಬೇರೆ ಇದ್ದ ಚೀಟಿಗಳನ್ನು ಬದಲಿಸಿ ಆರು ಸಲ ಕೇಳಿದಳು. ಆರು ಸಲವೂ ತೆಮಿಮಾ ಅವಳ ಕೈಯಿಂದಲೇ ತೆಗೆದುಕೊಂಡಳು.

ಆಮೇಲೆ ಹುಡುಗಿ ಅರ್ಧ ಬಟ್ಟಲು ಕುಡಿದು ಎದ್ದಳು.

"ಕೂತ್ಕೊ ಮಗಳೇ, ಇನ್ನೂ ಎರಡು ಸಲ ಕುದೀಬೇಕು. ಮಾತೇ ಆಡಿಲ್ಲ ನಾವು."

"ಮಾತು ಮುಗೀತಲ್ಲಮ್ಮಾ. ಎಲ್ಲಾ ಬರಕೊಂಡೆ."

ಇನ್ನೂರ ಹನ್ನೆರಡು ಮನೆಗಳಲ್ಲಿ ನಡೆದದ್ದು ಇದೇ. ಅಬ್ಬಾ ಮೆಚಾ ಕೊನೆಯ ದಿನ ಸಂಜೆಯವರೆಗೂ ಮಾತು ಜೋಡಿಸಿಕೊಂಡು ಅಂಗಳದಲ್ಲಿ ಕೂತಿದ್ದ. ಜೀಪು ಅವನ ಬೇಲಿಯ ಪಕ್ಕದಿಂದಲೇ ಹಾದು ಹೋಯಿತು. ಒಳಗಿದ್ದವರು ಕೈ ಬೀಸಿದರು. ಅವನೂ ಬೀಸಿದ.

ಎಂಟು ತಿಂಗಳಾದ ಮೇಲೆ ಶಾಲೆಯ ಅಂಗಳದಲ್ಲಿ ಒಪ್ಪಂದ ಓದಿದರು. ಕಾಡಿನ ಮೂರರಲ್ಲೊಂದು ಭಾಗಕ್ಕೆ ಐದು ವರ್ಷ ಯಾರೂ ಕಾಲಿಡುವಂತಿಲ್ಲ. ಸೌದೆಯಿಲ್ಲ, ಏಲಕ್ಕಿಯಿಲ್ಲ, ಗೂಡಿಲ್ಲ. ಕಾವಲು ಊರಿನವರೇ ಸರದಿಯಲ್ಲಿ ಕಾಯಬೇಕು. ಮುರಿದವರನ್ನು ಗುಂಪಿನಿಂದ ಹೊರಗೆ ಹಾಕುವುದು. ಅಬ್ಬಾ ಮೆಚಾ ಕೋಲೂರಿ ಎದ್ದು ನಿಂತ.

"ಸ್ವಾಮಿ, ನಾವು ಹೇಳೋದು ಇನ್ನೂ ಬಾಕಿ ಇತ್ತು."

ಅಧಿಕಾರಿ ಕಾಗದ ತಿರುವಿದ. "ಹಳೇದೇ ಇರ್ಲಿ ಅಂದೋರು ಸೊನ್ನೆ. ನಿಮ್ಮೂರೋರೇ ಯಜಮಾನ್ರೇ, ನಾನಲ್ಲ. ಬೇಡ ಅನ್ನೋ ಚೀಟೀನೂ ಇಟ್ಟಿದ್ರಲ್ಲ? ಮತ್ಯಾಕೆ ಬೇರೇದು ತಗೊಂಡ್ರಿ?"

ಮುದುಕ ಬಾಯಿ ತೆರೆದ. ನೀವು ಅತಿಥಿಗಳು ಅಂತ ತಗೊಂಡ್ವಿ ಎಂದು ಅತಿಥಿಯ ಮುಖಕ್ಕೇ ಹೇಳುವುದೂ ಅವಮಾನವೇ. ಬಾಯಿ ಮುಚ್ಚಿಕೊಂಡು ಕೂತ. ನನಗೆ ಅವನ ಮೇಲೂ ಸಿಟ್ಟಿದೆ. ಇಡೀ ಊರಿನ ಕಾಡು ಹೋಗುತ್ತಿರುವಾಗಲೂ ಮರ್ಯಾದೆ ಬಿಡಲಿಲ್ಲ. ಆದರೆ ಅವನಿಗೆ ಮರ್ಯಾದೆ ಬಿಡು ಎಂದು ಹೇಳಲು ನಾನು ಯಾರು, ನೀವು ಯಾರು? ಅದನ್ನು ತಿಳಿದುಕೊಳ್ಳಬೇಕಾದವರು ಸಂಬಳ ತೆಗೆದುಕೊಂಡು ಬಂದವರು.

ಮರಗಳಿಗೆ ಕೆಂಪು ಪಟ್ಟೆ ಬಿತ್ತು. ಮೊದಲ ಹೂಗಾಲ ಗೂಡಿಲ್ಲದೆ ಹೋಯಿತು. ಮುಚ್ಚದೆ ಉಳಿದ ಕಾಡಿನಲ್ಲಿ ಎಲ್ಲ ನೆರಳೂ ಬೇರೆಯವರದು. ತೆಮಿಮಾ ಊರಂಚಿನ ಪೊದೆಯಲ್ಲಿ ಹಸಿ ಕಡ್ಡಿ ಮುರಿದು ಉರಿಸಿದಳು. ಹೊಗೆಗೆ ಕಣ್ಣು ಊದಿಕೊಂಡವು. ಏಲಕ್ಕಿಯಿಲ್ಲದ ಗುರುವಾರ ಸಂತೆಗೆ ಹೋಗಿ ಏನು ಮಾಡುವುದು? ಬೇರೆಯವರ ತೋಟದಲ್ಲಿ ಕಾಫಿ ಕುಯ್ಯಲು ಹೋದಳು. ಕುಯ್ಲು ಇರುವುದು ಮೂರು ತಿಂಗಳು. ಉಳಿದ ಒಂಬತ್ತು ತಿಂಗಳಲ್ಲಿ ಹಿತ್ತಲಿನ ಎಂಟು ಎನ್ಸೆಟ್ ಎರಡಕ್ಕೆ ಇಳಿದವು.

ಎರಡನೆಯ ಹೂಗಾಲ ಹತ್ತಿರ ಬಂತು. ಗತಮಾ ಮರಗಳು ಬಿಳಿ ಮೊಗ್ಗು ಬಿಟ್ಟವು. ತೆಮಿಮಾ ತಾಜುವಿನ ಅಂಗಳಕ್ಕೆ ಹೋದಳು.

"ಈ ಸಲ ಗೂಡು ಏರದಿದ್ರೆ ಮರ ಹೋಯ್ತು ಮೈದುನಾ."

"ಮರ ಆಗ್ಲೇ ಹೋಗಿದೆ ಅತ್ತಿಗೆ. ಮೈಮೇಲೆ ಕೆಂಪು ಬಳ್ಕೊಂಡು ಸರ್ಕಾರದ ಸೊಸೆ ಆಗಿದೆ."

"ಒಪ್ಪಂದ ಐದು ವರ್ಷದ್ದು. ಅದು ಮುಗೀತದೆ. ಮುಗಿದ ಮೇಲೆ ಯಾವನೋ ಹಗ್ಗ ಎಸೆದು ನಂದು ಅಂದ್ರೆ ನಾನು ಯಾರ ಹತ್ರ ಅಳ್ಲಿ? ನಮ್ಮ ಕಟ್ಟಳೆಗೆ ಅವರ ಕಾಗದ ಗೊತ್ತಿಲ್ಲ, ಅವರ ಕಾಗದಕ್ಕೆ ನಮ್ಮ ಕಟ್ಟಳೆ ಗೊತ್ತಿಲ್ಲ. ನಡುವೆ ನಾನು ಸಾಯ್ತೀನಿ."

ತಾಜುವಿನ ಹೆಂಡತಿ ನೂರಿಯಾ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ತಾಜು ತಲೆ ಕೆರೆದುಕೊಂಡ. "ಸರಿ, ಕಾವಲು ಯಾರದು ಕೇಳು" ಎಂದ.

ಆ ವಾರದ ಕಾವಲು ಪಕ್ಕದ ಮನೆಯ ಸಾಬಿತನದು. ತೆಮಿಮಾಳೇ ಎತ್ತಿ ಆಡಿಸಿದ ಮಗು, ಈಗ ಮೀಸೆ ಬಂದವನು.

"ಸಾಬಿತ್, ನಿನ್ನ ಮದುವೇಲಿ ಹಂಚಿದ ಜೇನು ಯಾರ ಮರದ್ದು?"

"ನಿಮ್ಮದೇ ಚಿಕ್ಕಮ್ಮಾ."

"ಹಂಗಾದ್ರೆ ಒಂದಿನ ಆ ಕಡೆ ಮುಖ ಮಾಡ್ಕೊಂಡು ನಿಲ್ಲು."

ಅವನು ನೆಲ ನೋಡಿದ. "ನಿಂತೇನು. ಆದ್ರೆ ಹೊಗೆ ಹಾಕ್ಬೇಡಿ. ಹೊಗೆ ಎದ್ರೆ ಆಚೆ ಗುಡ್ಡದೋರಿಗೂ ಕಾಣ್ತದೆ. ಆಮೇಲೆ ನನ್ನನ್ನೂ ಗುಂಪಿಂದ ತೆಗೀತಾರೆ. ಸದ್ದೂ ಮಾಡ್ಬೇಡಿ. ಅಷ್ಟು ಮಾಡಿ ಚಿಕ್ಕಮ್ಮಾ, ನಿಮ್ ಕಾಲಿಗೆ ಬೀಳ್ತೀನಿ."

ಜೇನು ಬಲ್ಲವರಿಗೆ ಈ ಮಾತಿನ ಅರ್ಥ ಗೊತ್ತು. ಎರಡು ವರ್ಷದಿಂದ ಯಾರೂ ಮುಟ್ಟದ ಹಳೆಯ ಗೂಡು ಅದೇ ಕೊಂಬೆಯಲ್ಲಿದೆ, ತುಂಬಿ ತುಳುಕುತ್ತಿದೆ. ಅದನ್ನು ಸರಿಸದೆ ಹೊಸದನ್ನು ಕಟ್ಟಲಾಗದು. ಹೊಗೆಯಿಲ್ಲದೆ ಅದರ ಹತ್ತಿರ ಹೋಗುವವನು ಯಾರೂ ಇಲ್ಲ. ತಾಜುವಿಗೂ ಗೊತ್ತಿತ್ತು. ಮೈಗೆ ಕಂಬಳಿ ಸುತ್ತಿಕೊಂಡು, ಹೊಸ ಗೂಡನ್ನು ಬೆನ್ನಿಗೆ ಕಟ್ಟಿಕೊಂಡು, ಹುಳ ಇನ್ನೂ ಚಳಿಗೆ ಮಂಕಾಗಿರುವ ಬೆಳಗಿನ ಹೊತ್ತಿಗೆ ಹತ್ತಿದ. ಕೆಳಗೆ ಹಗ್ಗ ಹಿಡಿದು ನಿಂತವಳು ತೆಮಿಮಾ ಒಬ್ಬಳೇ. ಬಾಯಿಬಡುಕ ಮೈದುನ ಆವತ್ತು ಒಂದು ಮಾತೂ ಆಡಲಿಲ್ಲ.

ಎಲ್ಲೋ ಎಲೆಗಳ ನಡುವೆ ಅವನು ಕಣ್ಮರೆಯಾದ. ತುಂಬ ಹೊತ್ತು ಕೊಂಬೆ ಕಿರಗುಟ್ಟುವುದಷ್ಟೇ ಕೇಳಿತು. ಆಮೇಲೆ ಗುಂಯ್ ಎಂಬ ಸದ್ದು ಎದ್ದಿತು, ದೂರದಲ್ಲಿ ಮಳೆ ಬಂದ ಹಾಗೆ. ಹಗ್ಗ ಅವಳ ಕೈಯಲ್ಲಿ ಒಂದೇ ಸಮನೆ ಅದುರಿತು. ನೂರಾರು ಹುಳ ಕಚ್ಚುತ್ತಿರುವಾಗಲೂ ಆ ಮನುಷ್ಯ ಕೂಗಲಿಲ್ಲ. ಕೂಗಿದರೆ ಆಚೆ ಗುಡ್ಡದವರಿಗೆ ಕೇಳುತ್ತದೆ. ಕೂಗದೆಯೇ ಬಿದ್ದ.

ಓಡಿ ಬಂದವನು ಸಾಬಿತ್. ಕಂಬಳಿಯಲ್ಲೇ ಹೊತ್ತುಕೊಂಡು ಬಂದರು. ತಾಜು ಎರಡು ದಿನ ಬದುಕಿದ್ದ. ಊದಿದ ತುಟಿ ಬಿಡಿಸಿ ಒಮ್ಮೆ ಮಾತಾಡಿದ. "ಗಂಟು ಬಿಗಿಯಾಗೇ ಹಾಕಿದ್ದೀನಿ ಅತ್ತಿಗೆ. ಗೂಡು ಕೂತಿದೆ."

ಮಣ್ಣು ಮಾಡಿ ಬಂದ ಮೇಲೆ ನೂರಿಯಾ ಎಲ್ಲರೆದುರು ತೆಮಿಮಾಳಿಗೆ ಹೇಳಿದ್ದು ಒಂದೇ ಮಾತು. "ಅರ್ಧ ಜೇನು ಕೊಟ್ಟು ಇಡೀ ಮನುಷ್ಯನ್ನ ತಗೊಂಡೆ ಅಕ್ಕಾ."

ಇವತ್ತಿಗೂ ನೂರಿಯಾಳ ಮನೆಯ ನೀರನ್ನು ತೆಮಿಮಾಳೇ ಹೊತ್ತು ಹಾಕುತ್ತಾಳೆ, ಬಾಗಿಲ ಹೊರಗೆ ಇಟ್ಟು ಬರುತ್ತಾಳೆ.

ಹದಿನೈದು ದಿನಕ್ಕೆ ಗುಂಪಿನ ಸಭೆ ಸೇರಿತು. ನಿಯಮ ನಿಯಮವೇ ಎಂದರು. ತೆಮಿಮಾಳನ್ನು ಹೊರಗೆ ಹಾಕಿದರು. ಸಾಬಿತನನ್ನೂ ಹಾಕಿದರು. ಆಚೆ ಊರಿನಿಂದ ಇಬ್ಬರನ್ನು ಕರೆಸಿ, ಅವರಿಗೆ ಹೊಗೆ ಹಾಕಲು ಅನುಮತಿ ಕೊಟ್ಟು, ತಾಜು ಕಟ್ಟಿದ ಗೂಡನ್ನು ಇಳಿಸಿ ಶಾಲೆಯ ಅಂಗಳದಲ್ಲಿ ಸುಟ್ಟರು. ಮತ್ತೊಮ್ಮೆ ಓದಿ: ಇಳಿಸುವವರಿಗೆ ಹೊಗೆ ಹಾಕಲು ಅನುಮತಿ ಇತ್ತು.

"ನೀನೇ ಆರಿಸಿದ ಚೀಟಿ ತಾನೇ ಇದು?" ಎಂದು ಅಧಿಕಾರಿ ತೆಮಿಮಾಳಿಗೆ ಕಾಗದ ತೋರಿಸಿದ. ಆರು ಸಾಲು, ಆರು ಗುರುತು. "ಹೂಂ, ನಾನೇ ತಗೊಂಡಿದ್ದು," ಎಂದಳು ಅವಳು. ಸುಳ್ಳು ಹೇಳುವುದು ಅವಳಿಗೆ ಬರುವುದಿಲ್ಲ.

ಐದು ವರ್ಷ ಮುಗಿಯುತ್ತ ಬಂತು. ಹೋದ ಕುಯ್ಲಿನ ಹೊತ್ತಿಗೆ ಮತ್ತೆ ಜೀಪು ಬಂತು. ಒಪ್ಪಂದವನ್ನು ಇನ್ನು ಹತ್ತು ವರ್ಷಕ್ಕೆ ಮುಂದುವರಿಸಬೇಕಂತೆ, ಅದಕ್ಕೆ ಮೊದಲು ರೈತರ ಇಷ್ಟ ತಿಳಿಯಬೇಕಂತೆ. ಹಿರುತ್ ಈಗ ಮೇಲ್ವಿಚಾರಕಿ. ಆದರೂ ತೆಮಿಮಾಳ ಮನೆಗೆ ತಾನೇ ಬಂದಳು. ಬಾಗಿಲಲ್ಲಿ ನಾಲ್ಕಾರು ನೆರೆಯವರು ನಿಂತರು. ಹುಡುಗಿ ಚಾಪೆಯ ಮೇಲೆ ಕೂತಳು. ಎರಡು ಕೈ ಚಾಚಿದಳು. ಮೂರನೆಯ ಚೀಟಿ ನೆಲದ ಮೇಲೆ.

ಒಲೆ ಇನ್ನೂ ಹೊತ್ತಿರಲಿಲ್ಲ. ತೆಮಿಮಾ ಚಾಚಿದ ಕೈಗಳನ್ನು ನೋಡಿದಳು, ಬಗ್ಗಿದಳು, ನೆಲದ ಚೀಟಿಯನ್ನು ಎತ್ತಿಕೊಂಡಳು.

"ಅಯ್ಯೋ, ಕಾಫಿನೂ ಕುದಿಸ್ದೆ!" ಎಂದಳು ಬಾಗಿಲಲ್ಲಿದ್ದ ಒಬ್ಬಳು. "ಇವಳಿಗೇನು ಬಂತು?"

"ನಂಗೇನು ಬಂದಿಲ್ಲ. ಹೋಗಿದ್ದು ಬಂದಿಲ್ಲ ಅಷ್ಟೆ," ಎಂದಳು ತೆಮಿಮಾ.

ಹಿರುತ್ ಚೀಟಿ ಬದಲಿಸಿ ಚಾಚಿದಳು. ಮತ್ತೆ ನೆಲದ್ದೇ. ಆರು ಸಲವೂ ನೆಲದ್ದೇ. ಉತ್ತರ ಬರೆದುಕೊಳ್ಳಲು ತಂದಿದ್ದ ಯಂತ್ರದ ಪರದೆ ಕಾರಣ ಕೇಳಿತು. ಹಿರುತ್ ಅದನ್ನೇ ಓದಿ ಕೇಳಿದಳು.

"ನನ್ನ ಮರದ ಹತ್ರ ಹೋಗೋ ದಾರಿ ಬೇಕು. ಅದು ನಿನ್ನ ಎರಡು ಚೀಟೀಲೂ ಇಲ್ಲ. ಇದ್ದಿದ್ರೆ ಅದನ್ನೇ ತಗೋತಿದ್ದೆ."

ಹುಡುಗಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅಮ್ಮಾ, ಆರು ಸಲಾನೂ ಬೇಡ ಅಂದ್ರೆ ಇದು ಉತ್ತರ ಅಲ್ಲ, ವಿರೋಧ ಅಂತ ಬರ್ತದೆ. ಲೆಕ್ಕಕ್ಕೆ ತಗೊಳ್ಳಲ್ಲ. ಒಂದೇ ಒಂದು ಸಲ ನನ್ನ ಕೈಯಿಂದ ತಗೊಳ್ಳಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ನಿನ್ ಕೈಯಿಂದ ಒಂದ್ಸಲ ತಗೊಂಡಿದ್ದೆ ಮಗಳೇ. ನಾನು ಹೇಳಿದ್ದನ್ನ ಹೇಳ್ದಂಗೇ ಬರಕೊ. ಆಮೇಲೆ ಕೂತ್ಕೊ, ಕಾಫಿ ಕುದಿಸ್ತೀನಿ."

ಹಿರುತ್ ಬರೆದುಕೊಂಡಳು. ಕೂರಲಿಲ್ಲ. ಅದೇ ವಾರ ಇನ್ನೂ ಹದಿನಾರು ಮನೆಗಳಲ್ಲಿ ಜನ ಬಗ್ಗಿ ನೆಲದ ಚೀಟಿಯನ್ನೇ ಎತ್ತಿದರು. ನೂರಿಯಾಳ ಮನೆಯಲ್ಲೂ. ಕೋಲು ಬದಿಗಿಟ್ಟು, ಸೊಂಟ ಹಿಡಿದುಕೊಂಡು, ಅಬ್ಬಾ ಮೆಚಾ ಕೂಡ.

ವರದಿಯ ನಲವತ್ತೊಂದನೇ ಪುಟದ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ಹದಿನೇಳು ಮನೆಗಳ ಉತ್ತರ ವಿರೋಧದ ಸ್ವರೂಪದ್ದಾದ್ದರಿಂದ ಕೈಬಿಡಲಾಗಿದೆ. ಕೈಬಿಟ್ಟ ಮೇಲೆ ಉಳಿದವರಲ್ಲಿ ಬೇಡ ಅಂದವರು ಯಾರೂ ಇಲ್ಲ, ನಿಜವೇ. ಹಾಗೆ ಎಣಿಸಿದರೆ ಸ್ಮಶಾನದಲ್ಲಿ ದೂರು ಹೇಳುವವರೂ ಯಾರೂ ಇಲ್ಲ. ಈ ಲೆಕ್ಕದ ಮೇಲೆ ಹತ್ತು ವರ್ಷದ ಒಪ್ಪಂದ ಸಿದ್ಧವಾಗಿದೆ. ಸಹಿಯಾಗುವುದೊಂದು ಬಾಕಿ. ಅದರ ನಕ್ಷೆಯಲ್ಲೂ ತೆಮಿಮಾಳ ಮರ ಕೆಂಪಿನೊಳಗೇ ಇದೆ. ಹತ್ತು ವರ್ಷದ ಹೊತ್ತಿಗೆ ಅವಳಿಗೆ ಎಪ್ಪತ್ತಾಗುತ್ತದೆ.

ಈ ವರದಿಯನ್ನು ಓದುವವರು, ಒಪ್ಪುವವರು, ಇದಕ್ಕೆ ಹಣ ಕೊಡುವವರು, ಇದನ್ನು ತರಗತಿಯಲ್ಲಿ ಪಾಠ ಮಾಡುವವರು ನೀವು. ನಿಮ್ಮಲ್ಲಿ ನನ್ನ ಕೇಳಿಕೆ ಒಂದೇ. ನಲವತ್ತೊಂದನೇ ಪುಟ ತೆಗೆಯಿರಿ. ಕೈಬಿಟ್ಟ ಹದಿನೇಳು ಮನೆಗಳನ್ನು ಒಂದೊಂದಾಗಿ ಲೆಕ್ಕಕ್ಕೆ ವಾಪಸ್ ಸೇರಿಸಿ. ಅಲ್ಲಿಯವರೆಗೆ ಆ ಒಪ್ಪಂದಕ್ಕೆ ಸಹಿ ಹಾಕಬೇಡಿ, ಹಾಕಲು ಬಿಡಬೇಡಿ.